ಕಲ್ಲು ಬಂತು, ಗಾಯ ಮಾಯಲಿಲ್ಲ

ಗ್ಲೂಕೋಸ್ ಪೊಟ್ಟಣ ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮೂತ್ರಪಿಂಡದ ಕಲ್ಲು ತೆಗೆಸಲು ಅವ್ವನನ್ನು ಗಬ್ಬೂರಿನಿಂದ ರಾಯಚೂರಿನ ಆಸ್ಪತ್ರೆಗೆ ಕರೆತಂದೆವು. ಆಪರೇಷನ್‌ಗೆ ಮುಂಚೆ ಡಾಕ್ಟರು, "ಸಕ್ಕರೆ ಕಾಯಿಲೆ ಅದ ಏನ್ರಿ?" ಎಂದು ಕೇಳಿದರು.

"ನಮ್ಮ ಮನಿತನದಾಗ ಅಂಥಾದ್ದೆಲ್ಲ ಇಲ್ರಿ," ಎಂದ ಸೋದರಮಾವ.

ಹಸಿ ಸುಳ್ಳು! ಅವ್ವ ಬಚ್ಚಲಿಗೆ ಹೋಗಿಬಂದರೆ ಅಲ್ಲಿ ಇರುವೆ ಮುತ್ತುತ್ತಿದ್ದವು. ಮನೆಯವರೆಲ್ಲ ಅದನ್ನು ಕಂಡವರೇ. ಆದರೆ ಮಾನ್ವಿಯ ಗಂಡಿನ ಕಡೆಯವರು ನನ್ನ ತಂಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಹೆಣ್ಣಿನ ತಾಯಿಗೆ ಸಕ್ಕರೆ ರೋಗವಿದೆ ಎಂದು ಗೊತ್ತಾದರೆ ಸಂಬಂಧ ಮುರಿಯುತ್ತದಲ್ಲ, ಅದಕ್ಕೇ ಎಲ್ಲರ ಬಾಯಿಗೂ ಬೀಗ.

ಕಲ್ಲು ಬಂತು. ಮಾವ ಅದನ್ನು ಸೀಸೆಯಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸಿದ. ಅವ್ವನ ಪಕ್ಕೆಯ ಗಾಯ ಮಾತ್ರ ಮಾಯಲಿಲ್ಲ, ಕೀವು ತುಂಬಿತು. ನೋಡಲು ಬಂದವರೆಲ್ಲ ಗ್ಲೂಕೋಸ್ ತಂದು, "ಕುಡಿ ಯವ್ವಾ, ಶಕ್ತಿ ಬರ್ತದ," ಎಂದು ಕಲಸಿ ಕುಡಿಸಿದರು. ಬೇಡವೆನ್ನಲು ಯಾರಿಗೂ ಧೈರ್ಯವಿಲ್ಲ, ಬೇಡವೆಂದರೆ ಗುಟ್ಟು ರಟ್ಟಾಗುತ್ತಿತ್ತು. ತಂಗಿಯ ಮದುವೆಯ ಹಂದರದಲ್ಲಿ ಅವ್ವ ಇರಲಿಲ್ಲ.

ಮಾವನನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಒಂದು ಮೂತ್ರ ಪರೀಕ್ಷೆಯನ್ನೂ ಮಾಡಿಸದ ಆ ಡಾಕ್ಟರನ್ನೂ ಬಿಟ್ಟಿಲ್ಲ. ಆದರೆ ಒಂದು ಮಾತನ್ನು ಯಾರಿಗೂ ಹೇಳಿಲ್ಲ. ಡಾಕ್ಟರು ಅಂದು ಮಾವನನ್ನು ನಂಬಿರಲಿಲ್ಲ. ಸಾಲಿ ಮಾಸ್ತರನಾಗಿದ್ದ ನನ್ನ ಕಡೆ ತಿರುಗಿ, "ನೀವು ಓದಿದವರು, ಖರೇ ಹೇಳ್ರಿ," ಎಂದಿದ್ದರು.

"ಇಲ್ರಿ," ಎಂದೆ.