ಅಳತೆ ಪುಸ್ತಕದ ಎರಡು ಪುಟ

ಟೇಲರಕ್ಕನ ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ. ಬಾಗಿಲ ಬಲಕ್ಕೆ ಹೊಲಿಗೆ ಮೆಷಿನ್ನು, ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಹಗ್ಗಕ್ಕೆ ಇಳಿಬಿಟ್ಟ ಒಂದು ಪರದೆ. ಇಪ್ಪತ್ತಾರು ವರ್ಷಗಳಿಂದ ಆ ಬೀದಿಯ ಚರ್ಚಿನ ಹೆಂಗಸರೆಲ್ಲ ಆ ಪರದೆಯ ಹಿಂದೆ ನಿಂತು ಕೈ ಎತ್ತಿದ್ದಾರೆ. ಪಾಸ್ಟರ ಮುಂದೆ ಹೇಳದ್ದನ್ನು ಅಲ್ಲಿ ಹೇಳಿದ್ದಾರೆ. ಅಲ್ಲೂ ಹೇಳದವರದ್ದು ಟೇಪಿಗೆ ಗೊತ್ತಾಗಿದೆ.

"ಹೊಟ್ಟೆ ಒಳಗೆಳ್ಕೋಬೇಡಿ, ಆರಾಮಾಗಿ ಉಸಿರು ಬಿಡಿ. ನನ್ನ ಟೇಪು ಯಾರ ಹತ್ರಾನೂ ಚಾಡಿ ಹೇಳಲ್ಲ." ಇದು ಅಕ್ಕನ ಮಾಮೂಲು ತಮಾಷೆ. ನಗದೇ ಇದ್ದವರು ಕಡಿಮೆ.

ಅಕ್ಕನಿಗೆ ಈಗ ಐವತ್ತೆಂಟು. ಗಂಡ ಬೇಗ ತೀರಿಹೋದ. ತಂಗಿಯೂ ಹೋದ ಮೇಲೆ ಅವಳ ಆರು ವರ್ಷದ ಮಗಳು ಈ ಮನೆಗೆ ಬಂದಳು. ಅತ್ತರೂ ಪಿಟೀಲಿನ ಹಾಗೆ ಸಣ್ಣಗೆ ಕುಯ್ಗುಡುತ್ತಿದ್ದ ಆ ಹುಡುಗಿಗೆ ಬೀದಿಯವರು ಪಿಟೀಲು ಎಂದೇ ಹೆಸರಿಟ್ಟರು. ದೊಡ್ಡವಳಾದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೆಲಸ, ಭಾನುವಾರ ಚರ್ಚಿನ ಗಾಯನ ಮಂಡಳಿಯಲ್ಲಿ ಮುಂದಿನ ಸಾಲು. ವಾರವಿಡೀ ಮಾತ್ರೆ ಎಣಿಸುವ ಹುಡುಗಿ ಆ ಒಂದು ಗಂಟೆಗಾಗಿ ಬದುಕುತ್ತಿದ್ದಳು. ಇದು ಉತ್ಪ್ರೇಕ್ಷೆಯಲ್ಲ. ಶನಿವಾರ ಅವಳು ಐಸ್ ಹಾಕಿದ ನೀರು ಸಹ ಕುಡಿಯುತ್ತಿರಲಿಲ್ಲ.

ಅಕ್ಕನ ಅಳತೆ ಪುಸ್ತಕದ ಬಗ್ಗೆ ಹೇಳಬೇಕು. ಬೇರೆ ಟೇಲರುಗಳು ಹಳೆಯ ಅಳತೆ ಹೊಡೆದುಹಾಕಿ ಹೊಸದು ಬರೆಯುತ್ತಾರೆ. ಅಕ್ಕ ಹೊಡೆಯುವುದಿಲ್ಲ. ಒಬ್ಬರಿಗೆ ಒಂದು ಪುಟ, ಪ್ರತಿ ಸಲವೂ ತಾರೀಕು ಹಾಕಿ ಹೊಸ ಸಾಲು. ಮಂಡಳಿಯ ಗೌನುಗಳನ್ನು ಹೊಲಿಯುವುದೂ ಅವರೇ. ಬಿಳಿ ಗೌನು, ಸೊಂಟಕ್ಕೆ ನೀಲಿ ಪಟ್ಟಿ, ಹಿಂದೆ ಹುಕ್ಕು. ಬಟ್ಟೆ ಚರ್ಚಿನದ್ದಾದ್ದರಿಂದ ವರ್ಷಕ್ಕೊಮ್ಮೆ ಈ ಪುಸ್ತಕ ಚರ್ಚಿನ ಕಮಿಟಿಗೆ ಹೋಗುತ್ತದೆ, ಎಷ್ಟು ಮೀಟರು ಬೇಕೆಂದು ಅವರು ನೋಡುತ್ತಾರೆ.

ಪುಸ್ತಕ ಬಿಚ್ಚಿದರೆ ಒಂದು ಕಡೆ ಎಡಕ್ಕೆ ಪಿಟೀಲಿನ ಪುಟ, ಬಲಕ್ಕೆ ಯಜಮಾನಿಯ ಪುಟ. ಯಜಮಾನಿ ಎಂದರೆ ಮರದ ಡಿಪೋ ನಡೆಸುವ ಯಜಮಾನರ ಹೆಂಡತಿ. ಯಜಮಾನರು ಚರ್ಚಿನ ಹಿರಿಯರು, ಕಮಿಟಿಯ ಕಾರ್ಯದರ್ಶಿ. ಆ ಬಲಗಡೆ ಪುಟದಲ್ಲಿ ಬ್ಲೌಸಿನ ತೋಳು ನಾಲ್ಕು ವರ್ಷದ ಹಿಂದೆ ಆರು ಇಂಚು. ಆಮೇಲೆ ಹನ್ನೊಂದು. ಆಮೇಲೆ ಹದಿನೇಳು. ಈಗ ಮಣಿಕಟ್ಟಿನವರೆಗೆ. ಕತ್ತು ಮುಚ್ಚಿದ್ದು. ತಾರೀಕು ನೋಡಿದರೆ ಎಲ್ಲವೂ ಸುಡುಬಿಸಿಲಿನ ತಿಂಗಳು.

ಮೊದಲ ಸಲ ಪರದೆಯ ಹಿಂದೆ ಯಜಮಾನಿಯ ತೋಳಿನ ಮೇಲೆ ನಾಲ್ಕು ನೀಲಿ ಗುರುತು ಕಂಡಾಗ ಅಕ್ಕ ಟೇಪು ಹಿಡಿದೇ ಕೇಳಿದ್ದರು.

"ಇದೇನಮ್ಮ?"

"ಬಾಗಿಲಿಗೆ ಬಡೀತು."

"ಬಾಗಿಲಿಗೆ ಬೆರಳಿರುತ್ತಾ?"

"ಸುಮ್ನೆ ಹೊಲಿ ಮಾರಾಯ್ತಿ. ದೇವರಾಣೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಅಕ್ಕ ಬಾಯಿ ಬಿಡಲಿಲ್ಲ. ತೋಳು ಉದ್ದ ಹೊಲಿದರು.

ಕಳೆದ ವರ್ಷ ಪಿಟೀಲಿನ ಗೌನಿನ ಹುಕ್ಕು ಕಿತ್ತುಬಂತು. ಸೊಂಟ ಇಪ್ಪತ್ತೆಂಟಿದ್ದದ್ದು ಇಪ್ಪತ್ತೊಂಬತ್ತೂವರೆ. ಅಕ್ಕ ಹುಕ್ಕು ಸರಿಸಿ ತಾರೀಕು ಬರೆದರು. ಏಳು ವಾರಕ್ಕೆ ಮತ್ತೆ ಕಿತ್ತುಬಂತು. ಮೂವತ್ತೊಂದು. ಅಕ್ಕನ ಕೈ ಅಲ್ಲೇ ನಿಂತಿತು. ಆಮೇಲೆ ಅಭ್ಯಾಸದ ಕೈ ತನ್ನ ಪಾಡಿಗೆ ತಾನು ಬರೆಯಿತು.

"ಯಾರೇ?"

ಹುಡುಗಿ ಹೇಳಿದಳು. ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವವನು. ಮದುವೆಯಾಗುತ್ತೇನೆ ಎಂದಿದ್ದ. ಈಗ ಎದುರಿಗೆ ಸಿಕ್ಕರೆ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಅಕ್ಕ ಬೈಯಲಿಲ್ಲ, ಅಳಲಿಲ್ಲ. ಪಟ್ಟಿಗೆ ಎರಡು ಇಂಚು ಸೇರಿಸಿ ಹೊಲಿದರು. ಯೋಚಿಸಲು ಸ್ವಲ್ಪ ದಿನ ಸಿಗಲಿ ಎಂದು ಅವರ ಲೆಕ್ಕ.

ಆ ವಾರವೇ ಯಜಮಾನರು ಸ್ಕೂಟರಿನಲ್ಲಿ ಬಂದು, "ಟೇಲರಕ್ಕ, ಅಳತೆ ಪುಸ್ತಕ ಕೊಡಿ, ಗೌನಿನ ಬಟ್ಟೆ ತರಿಸಬೇಕು," ಎಂದರು. ಅಕ್ಕ ಮೆಷಿನ್ನಿನಿಂದ ಕಣ್ಣೆತ್ತದೆ ಕೊಟ್ಟುಬಿಟ್ಟರು. ಪ್ರತಿ ವರ್ಷ ಕೊಡುವ ಹಾಗೆ.

ಎಂಟನೇ ದಿನ ಕರೆ ಬಂತು. ಕಮಿಟಿ ಕೋಣೆ ಚರ್ಚಿನ ಹಿಂದಿದೆ. ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಕಬ್ಬಿಣದ ಬೀರು, ಟಕಟಕ ಎನ್ನುವ ಫ್ಯಾನು. ಯಜಮಾನರು ಪುಸ್ತಕ ಬಿಚ್ಚಿ ಅಕ್ಕನ ಕಡೆ ತಿರುಗಿಸಿದರು.

"ಇದು ನಿಮ್ಮ ಕೈಬರಹಾನಾ?"

"ಹೌದು."

"ಇಪ್ಪತ್ತೆಂಟು. ಇಪ್ಪತ್ತೊಂಬತ್ತೂವರೆ. ಮೂವತ್ತೊಂದು. ಮೂರೇ ತಿಂಗಳಿಗೆ. ಯಾವ ಅಂಗಡಿ ಟಾನಿಕ್ ಕುಡಿಸ್ತಿದ್ದೀರಿ ಹುಡುಗೀಗೆ?"

ಯಾರೋ ಮೂಗಿನಲ್ಲಿ ನಕ್ಕರು. ಪಾಸ್ಟರು ಕಣ್ಣು ಮುಚ್ಚಿ ಕುಳಿತಿದ್ದರು. ಪ್ರಾರ್ಥನೆಯೋ ನಿದ್ದೆಯೋ, ದೇವರೇ ಬಲ್ಲ. ಪುಸ್ತಕ ಮಡಚಿಕೊಳ್ಳದ ಹಾಗೆ ಯಜಮಾನರು ಎಡಗೈಯಿಂದ ಬಲಗಡೆಯ ಪುಟವನ್ನು ಒತ್ತಿ ಹಿಡಿದಿದ್ದರು. ತಮ್ಮ ಹೆಂಡತಿಯ ಪುಟವನ್ನು. ಆರು, ಹನ್ನೊಂದು, ಹದಿನೇಳು ಅವರ ಬೆರಳ ಸಂದಿಯಲ್ಲೇ ಕಾಣುತ್ತಿದ್ದವು. ಪುಸ್ತಕ ಆರು ಜನರ ಕೈಯಲ್ಲಿ ಒಂದು ಸುತ್ತು ಬಂತು. ಆರೂ ಜನ ಎಡಗಡೆಯದ್ದನ್ನಷ್ಟೇ ಓದಿದರು.

ಅಕ್ಕನಿಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ತನ್ನ ಮಾತಲ್ಲ, ಇನ್ನೊಬ್ಬ ಹೆಂಗಸಿನದ್ದು. ನುಂಗಿಕೊಂಡರು.

ಆ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ಪಾಪ ಮಾಡಿದವರು ಭಾನುವಾರ ಎಲ್ಲರೆದುರು ಎದ್ದು ಬರಬೇಕು, ಮಂಡಳಿಯವರಾದರೆ ಗೌನನ್ನು ಮಡಚಿ ಮುಂದಿನ ಮೇಜಿನ ಮೇಲಿಡಬೇಕು, ಆರು ತಿಂಗಳು ಕೊನೆಯ ಬೆಂಚಿನಲ್ಲಿ ಕೂರಬೇಕು. ರೊಟ್ಟಿಯ ತುಂಡು ಹಂಚುವ ಪರಿಶುದ್ಧ ಭೋಜನದ ತಟ್ಟೆ ಆ ಬೆಂಚಿಗೆ ಬರುವುದಿಲ್ಲ. ಎದ್ದು ಬರದಿದ್ದರೆ ಚರ್ಚಿನ ರಿಜಿಸ್ಟರಿನಿಂದ ಹೆಸರೇ ಹೋಗುತ್ತದೆ. ಆ ಬೆಂಚಿನಲ್ಲಿ ಇಷ್ಟು ವರ್ಷಗಳಲ್ಲಿ ಯಾರು ಯಾರು ಕೂತಿದ್ದಾರೆ ಎಂದು ಕೇಳಿದರೆ ಅಕ್ಕ ಎಣಿಸಿ ಹೇಳುತ್ತಾರೆ. ಗಂಡನನ್ನು ಬಿಟ್ಟು ಬಂದ ಒಬ್ಬ ನರ್ಸು. ಹೇಳದೆ ಮದುವೆಯಾದ ಜೋಡಿ. ಕುಡಿದು ಹಾಡಲು ಬಂದ ಒಬ್ಬ. ಉಳಿದವರೆಲ್ಲ ಬಸುರಾದ ಹುಡುಗಿಯರು. ಡಿಪೋದ ಗರಗಸಕ್ಕೆ ಎರಡು ಬೆರಳು ಕೊಟ್ಟ ಕೂಲಿಯಾಳನ್ನು ಯಜಮಾನರು ಮರುದಿನವೇ ಹೊರಗೆ ಹಾಕಿದಾಗ? ಬೆಂಚು ಖಾಲಿ. ಮಣಿಕಟ್ಟಿನವರೆಗೆ ತೋಳಿಳಿದಾಗ? ಖಾಲಿ. ದೇವರ ಹತ್ತು ಆಜ್ಞೆಗಳಲ್ಲಿ ಸೊಂಟದ ಸುತ್ತಲಿನದ್ದು ಒಂದೇ ಇವರಿಗೆ ಬಾಯಿಪಾಠ. ಉಳಿದ ಒಂಬತ್ತು ಗೋಡೆಯ ಮೇಲೆ ಚಿನ್ನದ ಬಣ್ಣದಲ್ಲಿ ತೂಗುತ್ತಿವೆ, ವರ್ಷಕ್ಕೊಮ್ಮೆ ಧೂಳು ಹೊಡೆಸುತ್ತಾರೆ.

ಮನೆಗೆ ಬಂದು ಅಕ್ಕ ವಿಷಯ ಹೇಳಿದಾಗ ಪಿಟೀಲು ಕೇಳಿದ್ದು ಒಂದೇ.

"ಬರೀದೇ ಇರಬಹುದಿತ್ತಲ್ಲ ದೊಡ್ಡಮ್ಮ?"

"ಬರೀದೆ ಹೇಗೆ ಹೊಲೀಲಿ?"

"ಇಪ್ಪತ್ತೆಂಟು ಅಂತಾನೇ ಬರೆದು ಮೂವತ್ತೊಂದಕ್ಕೆ ಹೊಲೀಬಹುದಿತ್ತು."

ಹಾಗೂ ಮಾಡಬಹುದೆಂದು ಅಕ್ಕನಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅರ್ಧ ಇಂಚೂ ಸುಳ್ಳು ಬರೆದವರಲ್ಲ.

"ಆರು ತಿಂಗಳಾದ್ಮೇಲೆ ಮತ್ತೆ ಹಾಡೋಕೆ ಬಿಡ್ತಾರಂತಾ?" ಹುಡುಗಿ ಕೇಳಿದಳು.

"ಬಿಡ್ತಾರಂತೆ. ಪಾಸ್ಟರ್ ಬಾಯಲ್ಲೇ ಹೇಳಿದ್ರು."

"ಹಾಗಾದ್ರೆ ನಿಂತ್ಕೋತೀನಿ."

ಶುಕ್ರವಾರ ಬೆಳಿಗ್ಗೆ ಅಕ್ಕ ಪಾಸ್ಟರ ಮನೆಗೆ ಹೋದರು. ಅವರು ಮೆಟ್ಟಿಲ ಮೇಲೆ ಕುಳಿತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

"ಅಯ್ಯನೋರೆ, ಒಂದು ಕೇಳ್ಲಾ? ಆ ಕೀಬೋರ್ಡ್ ಹುಡುಗನಿಗೆ ಬೆಂಚಿಲ್ವಾ?"

"ಅವನು ನನ್ನ ಹತ್ರ ಒಬ್ಬನೇ ಬಂದು ಒಪ್ಕೊಂಡ ಅಕ್ಕ. ಕಣ್ಣೀರು ಹಾಕಿದ. ಅಲ್ದೆ, ಅವನನ್ನ ಕೂರಿಸಿದ್ರೆ ಬಾರಿಸೋರು ಯಾರಿದ್ದಾರೆ?"

"ಸರಿ. ಹೆಂಡತಿ ಮೇಲೆ ಕೈ ಮಾಡೋ ಗಂಡಸಿಗೆ ಎಷ್ಟು ತಿಂಗಳು?"

ಬ್ರಷ್ಷು ನಿಂತಿತು. "ಆ ಅಮ್ಮ ನನ್ನ ಹತ್ರಾನೂ ಬಂದಿದ್ರು. ತಾಳ್ಮೆ ತಂದ್ಕೊಳ್ಳಿ, ಪ್ರಾರ್ಥನೆ ಮಾಡೋಣ ಅಂದೆ. ಅದು ಮನೆ ವಿಷಯ."

"ನಮ್ಮ ಹುಡುಗಿ ಹೊಟ್ಟೆ ಮನೆ ವಿಷಯ ಅಲ್ವಾ?"

"ಹೊಟ್ಟೆ ಎಲ್ಲರಿಗೂ ಕಾಣುತ್ತೆ ಅಕ್ಕ. ಸಭೆ ಹೆಸರು ಹಾಳಾಗುತ್ತೆ."

"ತೋಳೂ ಕಾಣುತ್ತೆ ಅಯ್ಯನೋರೆ. ಕಾಣದ ಹಾಗೆ ಹೊಲಿಯೋಳು ನಾನು."

ಪಾಸ್ಟರು ಇನ್ನೊಂದು ಬೂಟು ಎತ್ತಿಕೊಂಡರು. ಅಕ್ಕ ಮನೆಗೆ ಬಂದು ಒಂದು ದಿಂಬಿನ ಕವರು ಹೊಲಿದರು. ಅರ್ಜೆಂಟೇನೂ ಇರಲಿಲ್ಲ.

ಭಾನುವಾರ ಯಜಮಾನರು ಹೆಸರು ಓದಿದರು. ಸ್ಪಷ್ಟ ಉಚ್ಚಾರ, ಮೈಕು ಬೇಡದ ಗಂಟಲು. ಪಿಟೀಲು ಗೌನು ಹಿಡಿದು ನಡೆದಳು, ಪಕ್ಕದಲ್ಲಿ ಅಕ್ಕ. ಗೌನನ್ನು ಇಸ್ತ್ರಿ ಮಾಡಿದ್ದೂ ಅಕ್ಕನೇ. ಪದ್ಧತಿಯ ಪ್ರಕಾರ ಎಲ್ಲರೂ ಎದ್ದು "ನಾವೂ ಪಾಪಿಗಳು" ಎಂದು ಒಟ್ಟಿಗೆ ಹೇಳಬೇಕು. ಹೇಳಿದರು. ಆಮೇಲೆ ಹಾಡು. ಕೀಬೋರ್ಡಿನವನು ಒಂದು ಸ್ವರವನ್ನೂ ತಪ್ಪಿಸಲಿಲ್ಲ. ತಮಗೆ ಆಗ ಏನನ್ನಿಸಿತು ಎಂದು ಕೇಳಿದರೆ ಅಕ್ಕ, "ಏನೂ ಇಲ್ಲ. ಕಾಲು ಜೋಮು ಹಿಡಿದ ಹಾಗಿತ್ತು, ಅಷ್ಟೇ," ಎನ್ನುತ್ತಾರೆ.

ಮರುದಿನ ಯಜಮಾನಿ ಬಟ್ಟೆ ತಂದರು. ಪರದೆಯ ಹಿಂದೆ ಕೈ ಎತ್ತಿ ನಿಂತು, "ನಿನ್ನ ಹುಡುಗೀಗೆ ಹಾಗೆ ಮಾಡಬಾರದಿತ್ತು," ಎಂದರು.

"ತೋಳು ಎಷ್ಟಿಡ್ಲಿ ಅಮ್ಮ?"

"ಅಷ್ಟೇ ಇರಲಿ."

ಆರು ತಿಂಗಳು, ಹೆರಿಗೆಯ ಎರಡು ವಾರ ಬಿಟ್ಟರೆ, ಪಿಟೀಲು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹೆರಿಗೆಯಾದ ಮೂರನೇ ವಾರಕ್ಕೇ ಕೂಸನ್ನು ಎತ್ತಿಕೊಂಡು ಬಂದು ಅದೇ ಬೆಂಚಿನಲ್ಲಿ ಕುಳಿತಳು. ಮುಂದಿನ ಸಾಲಿನವರು ಹಾಡುವಾಗ ಅವಳ ತುಟಿ ಅಲ್ಲಾಡುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ. "ನಿಮಗೆ ಶಿಕ್ಷೆ ಇಲ್ಲ ಅಕ್ಕ, ಮುಂದೆ ಬನ್ನಿ," ಎಂದು ಯಾರೋ ಕರೆದರು. "ಇಲ್ಲಿ ಫ್ಯಾನು ಚೆನ್ನಾಗಿ ಬರುತ್ತೆ," ಎಂದರು ಅಕ್ಕ. ಅಲ್ಲಿ ಫ್ಯಾನಿಲ್ಲ.

ಅವಧಿ ಮುಗಿಯುವ ಮುಂಚಿನ ಗುರುವಾರ ಪಾಸ್ಟರು ಅಂಗಡಿಗೆ ಬಂದರು. ಪಿಟೀಲು ಒಳಗಿನಿಂದ ಕುರ್ಚಿ ತಂದು ಹಾಕಿದಳು.

"ಈ ಭಾನುವಾರ ನಿನ್ನನ್ನ ಮತ್ತೆ ಸೇರಿಸ್ಕೋತೀವಿ ಮಗಳೇ. ಇನ್ನೊಂದ್ಸಲ ಎದ್ದು ಬಾ, ಸಾಕು."

"ಗೌನು ಕೊಡ್ತೀರಲ್ಲ ಅಯ್ಯನೋರೆ?"

ಅವರು ತುರಿಕೆಯಿಲ್ಲದ ಕತ್ತನ್ನು ಕೆರೆದುಕೊಂಡರು. "ಕಮಿಟೀಲಿ ಮಾತಾಯ್ತು. ಮದುವೆ ಇಲ್ದೆ ತಾಯಿ ಆದವಳು ಮುಂದೆ ನಿಂತ್ರೆ ಚಿಕ್ಕ ಹುಡುಗೀರಿಗೆ ಏನು ಪಾಠ ಅಂತ ಯಜಮಾನರು ಕೇಳಿದ್ರು. ನೀನು ಕೂತಲ್ಲೇ ಹಾಡು. ದೇವರಿಗೆ ಎಲ್ಲಿಂದ ಹಾಡಿದ್ರೂ ಒಂದೇ."

"ಒಂದೇ ಆಗಿದ್ರೆ ಮುಂದೇನೇ ನಿಲ್ಲಿಸಬಹುದಲ್ಲ?"

ಪಾಸ್ಟರು ಕೂಸಿನ ತಲೆ ಸವರಿ, ಭಾನುವಾರ ಕಾಯುತ್ತೇನೆ ಎಂದು ಹೊರಟರು.

ಭಾನುವಾರ ಪಿಟೀಲು ಹೊರಡಲಿಲ್ಲ. "ನೀವು ಹೋಗಿ ಬನ್ನಿ ದೊಡ್ಡಮ್ಮ. ನನಗೆ ಆಗಲ್ಲ," ಎಂದಳು, ಹಾಲು ತರಲು ಆಗಲ್ಲ ಎನ್ನುವ ಹಾಗೆ. ಅಕ್ಕ ಒಬ್ಬರೇ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ಯಜಮಾನರು ಮೂರು ಸಲ ಹೆಸರು ಕರೆದರು. ಯಾರೂ ಎದ್ದು ಬರಲಿಲ್ಲ. ರಿಜಿಸ್ಟರು ತರಿಸಿ, ಜೇಬಿನ ಪೆನ್ನು ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದರು. ಎಲ್ಲರೂ ಎದ್ದು "ನಾವೂ ಪಾಪಿಗಳು" ಎಂದರು. ಅಕ್ಕ ಕೂತೇ ಇದ್ದರು.

ಮನೆಗೆ ಬಂದಾಗ ಪಿಟೀಲು ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು.

"ಏನಂದ್ರು?"

"ಹೆಸರು ಹೊಡೆದು ಹಾಕಿದ್ರು."

"ಆಯ್ತು ಬಿಡಿ. ಆ ಟವೆಲ್ ಕೊಡಿ."

ಮಗು ನೀರಿಗೆ ಬೆಚ್ಚಿ ಅಳತೊಡಗಿತು. ಕೈಯಲ್ಲಿ ತಟ್ಟಿದಳು, ಅಳು ನಿಲ್ಲಲಿಲ್ಲ.

"ಏನಾದ್ರೂ ಹಾಡೇ, ಸುಮ್ನಾಗುತ್ತೆ," ಎಂದರು ಅಕ್ಕ.

ಹುಡುಗಿ ಬಾಯಿ ತೆರೆದಳು.

"ಬರ್ತಿಲ್ಲ ದೊಡ್ಡಮ್ಮ. ನನಗೆ ಗೊತ್ತಿರೋವೆಲ್ಲ ಅಲ್ಲಿನ ಹಾಡುಗಳೇ."

ಅಕ್ಕ ಟವೆಲ್ ಬಿಡಿಸಿ ಹಿಡಿದರು. ಮಗು ಅಳುತ್ತಲೇ ಇತ್ತು.