ಹಳದಿ ಅಂಗಿಯನ್ನು ಟಂಟಂನಿಂದ ಇಳಿಸಿದ್ದು

ಸೈಕಲ್ ಓಟವೆಂದರೆ ಸಾಧುಗಳ ಆಟ ಎಂದುಕೊಂಡವರು ಕೊನೆಯ ಐದುನೂರು ಮೀಟರಿನಲ್ಲಿ ಒಮ್ಮೆ ನಮ್ಮ ನಡುವೆ ಸಿಕ್ಕಿಕೊಳ್ಳಬೇಕು. ಮೊಣಕೈಯಿಂದ ಪಕ್ಕೆಗೆ ತಿವಿಯುತ್ತೇವೆ, ಭುಜ ಕೊಟ್ಟು ನೂಕುತ್ತೇವೆ, ತಲೆಯಿಂದ ಡಿಕ್ಕಿ ಹೊಡೆಯುತ್ತೇವೆ. ಬೈಗುಳದ ಮಾತಂತೂ ಕೇಳಲೇಬೇಡಿ. ನಮ್ಮಮ್ಮಿ ಒಮ್ಮೆ ಮೊಬೈಲಿನಲ್ಲಿ ನಮ್ಮ ಓಟ ನೋಡಿ, "ಇದೇನ ಸೈಕಲ್ ಹೊಡಿಯೂದೋ, ನಳದ ಮುಂದಿನ ಕೊಡದ ಜಗಳೋ?" ಎಂದು ಕೇಳಿದ್ದಳು. ಎರಡನ್ನೂ ಮಾಡಿದವಳಾದ್ದರಿಂದ ಹೇಳುತ್ತೇನೆ: ನಳದ ಮುಂದೆ ಇಷ್ಟು ರಕ್ತ ಬರುವುದಿಲ್ಲ.

ನಾನು ಕಮತಗಿಯವಳು. ಸಂಬಳಕ್ಕೆ ಸೈಕಲ್ ತುಳಿಯುತ್ತೇನೆ. ತಂಡದಲ್ಲಿ ನನ್ನ ಕೆಲಸ ಗೆಲ್ಲುವುದಲ್ಲ, ಗೆಲ್ಲುವವಳನ್ನು ಎಳೆದುಕೊಂಡು ಹೋಗುವುದು. ಎದುರುಗಾಳಿಯನ್ನು ಮುಂದೆ ನಿಂತು ನಾನು ಸೀಳಬೇಕು. ನನ್ನ ಹಿಂದಿನ ಗಾಲಿಗೆ ಅಂಟಿಕೊಂಡು ಬಂದವಳು ಕೊನೆಯಲ್ಲಿ ನನ್ನನ್ನು ದಾಟಿ ಗೆರೆಗೆ ನುಗ್ಗಬೇಕು. ಫೋಟೋ ಅವಳದು, ಕೆಮ್ಮು ನನ್ನದು.

ಈ ಕೆಲಸವನ್ನು ನನಗೆ ಕಲಿಸಿದವಳು ನಮ್ಮ ತಂಡದ ಹಿರಿಯಳು. ಗುಡೂರಿನವಳು. ನಾವೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ವಯಸ್ಸಿನ ಬಹುಪಾಲನ್ನು ಅವಳು ಬೇರೆಯವರನ್ನು ಎಳೆದುಕೊಟ್ಟೇ ಕಳೆದಿದ್ದಳು. ನಾನು ಹೇಳುತ್ತಿರುವ ಓಟ ಅವಳ ಕೊನೆಯದು. ಮುಗಿದ ಮೇಲೆ ಸೈಕಲ್ ಬಿಡುವುದಾಗಿ ಮೊದಲೇ ಹೇಳಿಬಿಟ್ಟಿದ್ದಳು. ಬಾಗಲಕೋಟೆಯಲ್ಲಿ ಶುರುವಾದ ನಾಲ್ಕು ದಿನಗಳ ಓಟ ಅದು. ಮೂರನೆಯ ದಿನದ ಗಾಳಿಯಲ್ಲಿ ಗುಂಪು ಚೂರುಚೂರಾದಾಗ, ಯಾರೂ ಎಣಿಸದಿದ್ದ ನಮ್ಮಕ್ಕ ಒಟ್ಟು ಸಮಯದಲ್ಲಿ ಮೊದಲಿನವಳಾದಳು. ಮುಂದಿದ್ದವರು ತೊಡುವ ಹಳದಿ ಅಂಗಿ ಅವಳ ಮೈಮೇಲೆ ಬಂತು.

ದಿನಕ್ಕೊಂದು ಹೊಸ ಅಂಗಿ ಕೊಡುವ ಶ್ರೀಮಂತ ಓಟವಲ್ಲ ನಮ್ಮದು. ಇದ್ದದ್ದೊಂದೇ ಅಂಗಿ. ದಿನವೂ ಸಂಜೆ ಒಬ್ಬಳಿಂದ ಬಿಚ್ಚಿಸಿ ಇನ್ನೊಬ್ಬಳಿಗೆ ತೊಡಿಸುತ್ತಿದ್ದರು. ಕೊನೆಯ ದಿನ ಯಾರ ಮೈಮೇಲೆ ಉಳಿಯುತ್ತದೆಯೋ ಅವರದು. ಆ ರಾತ್ರಿ ಅಕ್ಕ ಅದನ್ನು ಮಡಿಚಿ ತಲೆದಿಂಬಿನ ಕೆಳಗಿಟ್ಟುಕೊಂಡಳು. "ಇದೊಂದ ಅಂಗಿ ಮನಿಗೆ ಒಯ್ಯೂದೈತಿ ನೋಡ. ಮತ್ತೇನೂ ಬ್ಯಾಡ ನನಗ," ಎಂದಳು.

ಅವಳಿಗಿಂತ ಎಂಟು ಸೆಕೆಂಡು ಹಿಂದೆ ಹಸಿರು ಹೆಲ್ಮೆಟ್ಟಿನ ಒಬ್ಬಳಿದ್ದಳು, ಬೇರೆ ತಂಡದವಳು. ಕೊನೆಯ ದಿನ ಗೆರೆಯನ್ನು ಮೊದಲು ದಾಟಿದವಳಿಗೆ ಹತ್ತು ಸೆಕೆಂಡಿನ ಲಾಭ, ಎರಡನೆಯವಳಿಗೆ ಆರು. ಅಂದರೆ ಹಸಿರು ಹೆಲ್ಮೆಟ್ಟು ಗೆದ್ದರೆ ಮಾತ್ರ ಅಂಗಿ ಅವಳದು. ಅವಳೊಬ್ಬಳು ಗೆಲ್ಲದಿದ್ದರೆ ಸಾಕಿತ್ತು ನಮಗೆ.

ಕೊನೆಯ ದಿನ ಬಾದಾಮಿಯಿಂದ ಇಳಕಲ್ಲಿಗೆ ಹೊರಟೆವು. ಚೊಳಚಗುಡ್ಡ ದಾಟುವಾಗಲೇ ಎದುರುಗಾಳಿ ಮುಖಕ್ಕೆ ಬಡಿಯತೊಡಗಿತ್ತು. ಗುಡೂರಿನಲ್ಲಿ ಜನ ರಸ್ತೆಯ ಎರಡೂ ಬದಿಗೆ ನಿಂತು, ಹಳದಿ ಅಂಗಿ ಕಂಡ ಕೂಡಲೇ ಕೇಕೆ ಹಾಕಿದರು. ಅಕ್ಕ ತಲೆ ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದಳು.

ತೊಗರಿ ಕೊಯ್ಲಿನ ಕಾಲ. ನಮ್ಮ ಕಡೆ ರೈತರು ಒಣಗಿದ ತೊಗರಿಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡುತ್ತದೆ. ಓಟದ ದಿನ ತೆಗೆಯಿರೆಂದು ಸಂಘಟಕರು ಕೈಮುಗಿದು ಕೇಳಿಕೊಂಡಿದ್ದರು. ರೈತರೂ ಪಾಪ ಕಟ್ಟಿಗೆ, ಹೊಟ್ಟು ಎಲ್ಲ ಗುಡಿಸಿ ಬದಿಗೆ ರಾಶಿ ಹಾಕಿದ್ದರು. ಇಳಕಲ್ ಇನ್ನೇನು ಬಂತು ಎನ್ನುವಲ್ಲಿ ಎಡದಂಚಿಗೆ ಒಂದಿಷ್ಟು ಕಾಳು ಮಾತ್ರ ಉಳಿದುಬಿಟ್ಟಿತ್ತು. ಅದು ನನಗೆ ಕಂಡಿತು. "ಎಡಕ್ಕ ಕಾಳ ಅದಾವು!" ಎಂದು ಒದರಿ ನಡುರಸ್ತೆಗೆ ಹೊರಳಿದೆ. ಅಕ್ಕ ನನ್ನ ಗಾಲಿಯ ಹಿಂದೆಯೇ ಇದ್ದಳು.

ಗೆರೆಗೆ ಐದುನೂರು ಮೀಟರ್ ಇತ್ತು. ಹಸಿರು ಹೆಲ್ಮೆಟ್ಟಿಗೆ ನನ್ನ ಗಾಲಿ ಬೇಕಾಗಿತ್ತು, ಅಕ್ಕನ ಜಾಗ ಬೇಕಾಗಿತ್ತು. ಹಿಂದೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದ ಸದ್ದು ಕೇಳಿಸಿತು. ಮತ್ತೊಂದು ಬಡಿತ. "ಅತ್ತಾಗ ಸರೀ, ಸರೀ ಅಂದ್ರ!" ಎಂದು ಅಕ್ಕ ಕೂಗಿದಳು. ಮೂರನೆಯ ಬಡಿತಕ್ಕೆ ಅವಳು ಎಡಕ್ಕೆ, ಆ ಕಾಳಿನ ಮೇಲೆ ಹೋದಳು. ತೆಳ್ಳನೆಯ ಟೈರಿನ ಕೆಳಗೆ ತೊಗರಿಕಾಳು ಗೋಲಿಯಿದ್ದ ಹಾಗೆ. ಲೋಹ ಡಾಂಬರಿನ ಮೇಲೆ ಕೆರೆದ ಸದ್ದು, ಆಮೇಲೆ ಮನುಷ್ಯರದೊಂದು ಸದ್ದು. ಓಟವೆಲ್ಲ ಮುಗಿದ ಮೇಲೆ ತೀರ್ಪುಗಾರರು ವಿಡಿಯೋ ನೋಡಿ, ಇಬ್ಬರೂ ಒತ್ತಿದ್ದಾರೆ ಎಂದು ಕೈತೊಳೆದುಕೊಂಡರು. ಅವರ ಕಣ್ಣಿಗೆ ನಾನೇನು ಹೇಳಲಿ.

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಹಸಿರು ಹೆಲ್ಮೆಟ್ಟು ಗೆಲ್ಲುತ್ತಾಳೆ. ಅವಳು ಬಲಕ್ಕೆ ಬಂದಾಗ ನಾನೂ ಅವಳ ಮಗ್ಗುಲಿಗೆ ಹೋದೆ. ಪಕ್ಕೆಗೆ ಮೊಣಕೈ ಕೊಟ್ಟಳು, ಉಸಿರು ನಿಂತಿತು. ನಾನೂ ಭುಜ ಕೊಟ್ಟೆ. ನನ್ನ ಮೇಲೆ ಉಗುಳಿದಳು, ಗಾಳಿ ಅದನ್ನು ಅವಳ ಮುಖಕ್ಕೇ ಒಯ್ದಿತು. ಅಷ್ಟೂ ಸಿಟ್ಟಿನಲ್ಲಿ ನನಗೆ ನಗು ಬಂತು. ತೊಡೆ ಹರಿಯುವ ಹಾಗೆ ತುಳಿದೆ. ಅವಳು ನನಗಿಂತ ಅರ್ಧ ಗಾಲಿ ಮುಂದೆ ಹೋದಳು, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಜಗಳವಾಡುತ್ತಿದ್ದ ನಮ್ಮಿಬ್ಬರನ್ನೇ ಗಾಳಿಗೆ ಮರೆ ಮಾಡಿಕೊಂಡು ಬಂದಿದ್ದ ಮೂರನೆಯ ತಂಡದ ಒಬ್ಬ ಹುಡುಗಿ ಬಲಗಡೆಯಿಂದ ನುಗ್ಗಿ ಇಬ್ಬರನ್ನೂ ದಾಟಿ ಗೆದ್ದುಬಿಟ್ಟಳು. ಹಸಿರು ಹೆಲ್ಮೆಟ್ಟು ಎರಡನೆಯವಳು. ಆರೇ ಸೆಕೆಂಡು.

ಅಂಗಿ ಉಳಿದಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಕೊನೆಯಲ್ಲಿ ಬಿದ್ದವರಿಗೆ ಜೊತೆಗಿದ್ದ ಗುಂಪಿನ ಸಮಯವನ್ನೇ ಕೊಡುತ್ತಾರೆ. ಆದರೆ ನಮ್ಮ ಓಟದ ನಿಯಮದಂತೆ ಬಿದ್ದವಳು ತನ್ನ ಸೈಕಲ್ ಸಮೇತ ತಾನೇ ಗೆರೆ ದಾಟಬೇಕು. ನಡೆದಾದರೂ ಸರಿ. ಹೊರಗಿನವರ ಗಾಡಿ ಹತ್ತಿ ಹೋದಳೋ, ಅಲ್ಲಿಗೆ ಓಟ ಬಿಟ್ಟ ಹಾಗೆ.

ಸೀಟಿ ಊದುತ್ತಿದ್ದವರನ್ನು ಲೆಕ್ಕಿಸದೆ ಸೈಕಲ್ ತಿರುಗಿಸಿ ಹಿಂದಕ್ಕೆ ಹೊಡೆದೆ. ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ನಮ್ಮ ಕಡೆ ಹಾಗಲ್ಲ, ಬಿದ್ದವರಿಗೆ ಆಳಿಗೊಂದು ಕೈ. ಅದೇ ಅವತ್ತು ಕುತ್ತಿಗೆಗೆ ಬಂತು. ನಾನು ಮುಟ್ಟುವುದರೊಳಗೆ ಆ ತೊಗರಿಯ ಮನೆಯವರು ಅಕ್ಕನನ್ನು ಎತ್ತಿ, ಹೊಲದ ದಾರಿಯಲ್ಲಿ ನಿಲ್ಲಿಸಿದ್ದ ತಮ್ಮ ಟಂಟಂ ಆಟೋದಲ್ಲಿ ಮಲಗಿಸಿಯಾಗಿತ್ತು. ಮನೆಯ ಮುದುಕಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ರಕ್ತ ಒರೆಸುತ್ತಿದ್ದಳು. ಗಾಡಿ ಚಾಲೂ ಆಗಿತ್ತು.

ನನ್ನ ಸೈಕಲ್ಲನ್ನೇ ಟಂಟಂಗೆ ಅಡ್ಡ ಎಸೆದೆ. ಮುಂದಿನ ಗಾಲಿ ಅದರ ಕೆಳಗೆ ಸಿಕ್ಕಿ ಮುರುಟಿಹೋಯಿತು, ಗಾಡಿ ನಿಂತಿತು.

"ಕೆಳಗಿಳಸ್ರಿ ಆಕಿನ್ನ!"

"ಹುಚ್ಚ ಹಿಡದೈತೇನ ನಿನಗ? ಎಲುಬು ಮುರದೈತಿ, ಕಾಣಂಗಿಲ್ಲೇನ?" ಎಂದಳು ಮುದುಕಿ. "ನಮ್ಮ ತೊಗರಿ ಮ್ಯಾಲ ಬಿದ್ದಾಳ. ನಾವ ಒಯ್ಯಬೇಕು ದವಾಖಾನಿಗೆ."

ಒಳಗೆ ಕೈಹಾಕಿ ಅಕ್ಕನ ಸೊಂಟ ಹಿಡಿದು ಎಳೆದೆ. ಮುದುಕಿ ನನ್ನ ಜಡೆ ಹಿಡಿದಳು. ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು, ಯಾರೋ ತೋಳು ತಿರುವಿದರು. ಬಾಯಿಗೆ ಸಿಕ್ಕ ಕೈಯನ್ನು ಕಚ್ಚಿದೆ. ಅದು ಯಾರ ಕೈಯೋ ಇವತ್ತಿಗೂ ಗೊತ್ತಿಲ್ಲ. "ಕಟುಕರಾಕಿ ಇದ್ದಂಗ ಅದಾಳ!" ಎಂದು ಹೆಂಗಸೊಬ್ಬಳು ಕಿರುಚಿದಳು. ಅಕ್ಕನ ಬಲತೋಳು ಜೋತುಬಿದ್ದಿತ್ತು, ಕೊರಳ ಬುಡದಲ್ಲಿ ಎಲುಬು ಚರ್ಮವನ್ನು ಒತ್ತಿ ಉಬ್ಬಿತ್ತು. ಎಳೆದಾಗಲೆಲ್ಲ ಅವಳು ಚೀರುತ್ತಿದ್ದಳು.

"ಬಿಡ ತಂಗಿ. ನನ್ನ ಕೈಲೆ ಆಗೂದಿಲ್ಲ. ನಾ ದವಾಖಾನಿಗೆ ಹೋಗ್ತೇನಿ," ಎಂದಳು.

ಬಿಡಲಿಲ್ಲ. ಮುದುಕಿಯನ್ನು ನೂಕಿದೆ, ಅವಳು ಟಂಟಂನ ಆಚೆ ಬದಿಯಿಂದ ಹೊಟ್ಟಿನ ರಾಶಿಯ ಮೇಲೆ ಹೋಗಿ ಕೂತಳು. ಅಳು ನುಗ್ಗಿ ಬಂತು ನನಗೆ. "ಅಲ್ಲೇ ಐತೆಬೇ ಗೆರಿ! ಇದರಾಗ ಕುಂತು ಹೋದ್ರ ಆಕಿ ಮೈಮ್ಯಾಲಿನ ಅಂಗಿ ಕಸಗೊಂತಾರ!" ಎಂದು ಕೂಗಿದೆ.

ಮುದುಕಿ ಹೊಟ್ಟಿನ ಮೇಲೆ ಕೂತೇ ಅಕ್ಕನ ಅಂಗಿ ನೋಡಿದಳು. ನಿಯಮ, ಸೆಕೆಂಡು ಯಾವುದೂ ಅವಳಿಗೆ ಬೇಕಾಗಿರಲಿಲ್ಲ. "ಯಾಂವ ಅಂವ ಕಸಗೊಳ್ಳಾಂವ?" ಎಂದು ಎದ್ದಳು. ತೊಗರಿ ಬಡಿಯುವ ಕೋಲು ತೆಗೆದುಕೊಂಡು, ಅಲ್ಲಿಯವರೆಗೆ ತನ್ನ ಜೊತೆಗಿದ್ದ ಜನರ ಮೇಲೆಯೇ ಬೀಸಿದಳು. "ಸರೀರಿ! ಯಾರೂ ಮುಟ್ಟಬ್ಯಾಡ್ರಿ ಆಕಿನ್ನ. ನಡೀಲಿ!"

ಅಕ್ಕ ನಡೆದಳು. ಎಡಗೈಯಲ್ಲಿ ತನ್ನ ಸೈಕಲ್ಲು ತಳ್ಳುತ್ತ, ಎರಡು ಸಲ ನಿಂತು ವಾಂತಿ ಮಾಡಿಕೊಳ್ಳುತ್ತ. ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ಕೋಲು ಹಿಡಿದ ಮುದುಕಿ, ಹಿಂದೆ ಅರ್ಧ ಊರು. ಹಸಿರು ಹೆಲ್ಮೆಟ್ಟು ಗೆರೆಯ ಆಚೆ ನಿಂತಿದ್ದಳು. ಹಳದಿ ಅಂಗಿ ಗೆರೆ ದಾಟಿದಾಗ ಅವಳು ಮುಖ ತಿರುಗಿಸಿಕೊಂಡಳು.

ದವಾಖಾನೆಗೆ ಅದೇ ಟಂಟಂನಲ್ಲಿ ಹೋದೆವು. ನರ್ಸಮ್ಮ ಕತ್ತರಿ ಹಿಡಿದುಕೊಂಡು ಬಂದರು, ಅಂಗಿ ಕತ್ತರಿಸಿ ತೆಗೆಯುವುದಕ್ಕೆ.

"ಕತ್ರಿ ಹಚ್ಚಬ್ಯಾಡ್ರಿ," ಎಂದಳು ಅಕ್ಕ.

"ಹಂಗ ತಗೀಬೇಕಂದ್ರ ತೋಳ ಎತ್ತಬೇಕಾಗತೈತಿ ನೋಡ್ರಿ. ಜೀವ ಹೋಗತೈತಿ."

"ಎತ್ತತೇನಿ."

ಎತ್ತಿದಳು. ಅವಳ ಚೀರಾಟಕ್ಕೆ ಹೊರಗಿದ್ದವರೆಲ್ಲ ಬಾಗಿಲಿಗೆ ಬಂದರು. ನಾನು ಅಂಗಿಯನ್ನು ತಲೆಯ ಮೇಲಿಂದ ಎಳೆದು ಅವಳ ಮಡಿಲಲ್ಲಿಟ್ಟೆ. ಬೆನ್ನ ಜೇಬಿನಿಂದ ನಾಲ್ಕಾರು ತೊಗರಿಕಾಳು ನೆಲಕ್ಕೆ ಉದುರಿದವು. ಅಕ್ಕ ಉಸಿರು ಹತೋಟಿಗೆ ತಂದುಕೊಂಡು, ನೆಟ್ಟಗಿದ್ದ ಎಡಗೈಯಿಂದ ನನ್ನ ಕಪಾಳಕ್ಕೆ ಬಾರಿಸಿದಳು. ಇಡೀ ದಿನದಲ್ಲಿ ಬಿದ್ದ ಏಟುಗಳಲ್ಲಿ ಅದೇ ಜೋರು.

"ಬಿಡ ಅಂದ್ರ ಬಿಡಲಿಲ್ಲಲಾ, ಅದಕ್ಕ," ಎಂದಳು. ಆಮೇಲೆ ಅದೇ ಕೈಯಿಂದ ನನ್ನ ಕುತ್ತಿಗೆ ಬಳಸಿ ಎಳೆದುಕೊಂಡಳು. ಇಬ್ಬರೂ ಅತ್ತೆವು.

ಜನರ ಹಿಂದಿನಿಂದ ಮುದುಕಿಯ ದನಿ ಕೇಳಿಸಿತು. "ಅಂಗಿ ಐತಿಲ್ಲೋ?"

"ಐತೆಬೇ ಯವ್ವಾ, ಐತಿ," ಎಂದು ಅಕ್ಕನೇ ಕೂಗಿ ಹೇಳಿದಳು.