ಪ್ರೇಮ್ ಹೆಸರಿನಲ್ಲಿ ಬರೆದ ಉತ್ತರಗಳು

ನೀಲಿಮಾ ಧಾರವಾಡದ ಒಂದು ಮಿಷನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅದೇ ಶಾಲೆಯಲ್ಲಿ ನಾನು ಕನ್ನಡದ ಟೀಚರು. ಅವಳ ಗಂಡ ಪ್ರೇಮ್ ಹುಬ್ಬಳ್ಳಿ ವಿದ್ಯಾನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಯಾರು ಏನು ಹೇಳಿದರೂ ನಂಬುವ ಮನುಷ್ಯ. ಮಾವಿನಹಣ್ಣು ಸಿಹಿ ಇವೆ ಎಂದು ಮಾರುವವಳು ಹೇಳಿದರೆ ಸಾಕು, ಒಂದನ್ನೂ ಮೂಸಿ ನೋಡದೆ ಚೀಲ ತುಂಬಿಸಿಕೊಂಡು ಬರುತ್ತಿದ್ದ.

೧೯೯೭ರಲ್ಲಿ ಅವನಿಗೊಂದು ಹುಚ್ಚು ಹತ್ತಿತು. ದೊಡ್ಡ ಚಿತ್ರಗಳನ್ನು ಕುಗ್ಗಿಸಿ ಸಣ್ಣ ಫೈಲು ಮಾಡುವ, ಬೇಕಾದಾಗ ಮತ್ತೆ ಬಿಚ್ಚಿ ತೋರಿಸುವ ಒಂದು ತಂತ್ರಾಂಶವಿತ್ತು. ಅದಕ್ಕೆ ಮಾಲೀಕರಿಲ್ಲ. ಬೇರೆ ಬೇರೆ ದೇಶಗಳ ಹತ್ತಾರು ಜನ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ಬಳಸಲಿ ಎಂದು ಬಿಟ್ಟದ್ದು. ಅದರೊಳಗೆ ಚಿತ್ರವನ್ನು ಬಿಚ್ಚುವ ಭಾಗ ಪ್ರೇಮ್ ಬರೆದದ್ದು. ಭಾನುವಾರ ಚರ್ಚಿನಿಂದ ಬಂದವನೇ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದ. ಲೆಕ್ಕ ತೊಡಕಾದರೆ ಹೆಂಡತಿಯನ್ನು ಕರೆಯುತ್ತಿದ್ದ. ಇಬ್ಬರೂ ಚೌಕಳಿ ಹಾಳೆಯ ಮೇಲೆ ಬಾಗಿ ಜಗಳಾಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

೨೦೦೧ರ ಆಗಸ್ಟಿನಲ್ಲಿ ಪ್ರೇಮ್‌ಗೆ ಕಾಮಾಲೆಯಾಯಿತು. ಹನ್ನೊಂದನೆಯ ದಿನ ಹೋಗಿಬಿಟ್ಟ. ಮೂವತ್ತಾರು ವಯಸ್ಸು, ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ನೀಲಿಮಾ ಮತ್ತು ಅವಳ ಅತ್ತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಆಕೆ ಓಣಿಗೆಲ್ಲ ಗ್ರೇಸಿ ಸಿಸ್ಟರ್. ಮಣ್ಣು ಮಾಡಿ ಬಂದ ದಿನವೂ ಬಂದವರಿಗೆಲ್ಲ ತಾವೇ ನೀರು ಕೊಟ್ಟರು.

ಮರುವರ್ಷ ಮಾರ್ಚಿನಲ್ಲಿ, ಗಂಡನ ಇಮೇಲ್ ಮುಚ್ಚಿಬಿಡೋಣವೆಂದು ನೀಲಿಮಾ ತೆರೆದಾಗ ಒಂದು ಪತ್ರ ಬಂದಿತ್ತು. ಆ ತಂತ್ರಾಂಶದ ಉಸ್ತುವಾರಿ ನೋಡುತ್ತಿದ್ದ ಡೆನ್ಮಾರ್ಕಿನವನದು. ‘ಪ್ರೇಮ್, ನಿನ್ನ ಭಾಗದಲ್ಲಿ ಅಪಾಯದ ದೋಷವೊಂದು ಸಿಕ್ಕಿದೆ. ಕೆಟ್ಟವರು ಬೇಕೆಂದೇ ತಯಾರಿಸಿದ ಚಿತ್ರ ಕಳಿಸಿ ಬೇರೆಯವರ ಕಂಪ್ಯೂಟರಿನೊಳಗೆ ನುಗ್ಗಬಹುದು. ಸರಿಪಡಿಸುತ್ತೀಯಾ? ಬಹಳ ದಿನದಿಂದ ಸುದ್ದಿಯಿಲ್ಲ, ಆರಾಮಿದ್ದೀ ತಾನೆ?’

ಮರುದಿನ ಸ್ಟಾಫ್ ರೂಮಿನಲ್ಲಿ ಅವಳು ಇದನ್ನು ಹೇಳಿದಳು.

“ಪ್ರೇಮ್ ಹೋದ ಸುದ್ದಿ ತಿಳಿಸಿದ್ಯೇನು?” ಎಂದೆ.

“ಬರಿಯಾಕ ಕುಂತೆ. ಬೆರಳ ಏಳಲಿಲ್ಲ. ‘ನೋಡ್ತೇನಿ, ಎರಡ ವಾರ ಕೊಡ್ರಿ’ ಅಂತ ಬರದೆ. ಕೆಳಗ ಅವರ ಹೆಸರ ಹಾಕಿದೆ.”

“ನಿನಗ ಬರ್ತೈತೇನ ಆ ಕೆಲಸ?”

“ಬರೂದಿಲ್ಲ. ಕಲೀತೇನಿ.”

ಗಂಡನ ಪುಸ್ತಕಗಳನ್ನು ಹರವಿಕೊಂಡು ಕಲಿತಳು. ಹತ್ತನೆಯ ದಿನ ತಪ್ಪು ಸಿಕ್ಕಿತೆಂದು ಓಡಿ ಬಂದಳು. ಪ್ರತಿ ಚಿತ್ರದ ಫೈಲೂ ತನ್ನ ಅಗಲ ಇಷ್ಟೆಂದು ಮೊದಲೇ ಹೇಳುತ್ತದಂತೆ. ಪ್ರೇಮ್ ಬರೆದದ್ದು ಆ ಮಾತನ್ನು ನಂಬಿ ಅಷ್ಟೇ ಜಾಗ ತೆಗೆದಿಡುತ್ತಿತ್ತು. ಫೈಲು ಸುಳ್ಳು ಹೇಳಿದ್ದರೆ, ಹಿಡಿಸದೆ ಉಳಿದದ್ದು ಪಕ್ಕದ ಜಾಗದೊಳಗೆ ನುಗ್ಗುತ್ತಿತ್ತು.

“ನೋಡ, ಹೇಳಿದ್ದನ್ನ ಹಂಗ ನಂಬಿಬಿಟ್ಟಾರ,” ಎಂದು ನಕ್ಕಳು. “ಖರೇನ ಅವರ ಬರದದ್ದ ಇದು.” ನಗುತ್ತಲೇ, ತಿದ್ದಲು ಇಟ್ಟಿದ್ದ ಮಕ್ಕಳ ನೋಟ್‌ಬುಕ್ಕುಗಳ ಮೇಲೆ ತಲೆಯಿಟ್ಟಳು.

ಆ ಸಾಲುಗಳ ನಡುವೆ ಕಂಪ್ಯೂಟರ್ ಓದದ, ಮನುಷ್ಯರಿಗಾಗಿ ಬರೆದಿಟ್ಟ ಟಿಪ್ಪಣಿಯೂ ಒಂದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಈ ಲೆಕ್ಕಾ ತಿದ್ದಿದಾಕಿ ನೀಲಾ. ನಾ ತಪ್ಪಿದ್ದೆ.’ ಅವಳು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಫೈಲು ಹೇಳಿದ ಅಗಲ ನಿಜವೇ ಎಂದು ಪರೀಕ್ಷಿಸುವ ಆರು ಸಾಲು ಸೇರಿಸಿ ಕಳಿಸಿದಳು. ಎಲ್ಲರೂ ತಪ್ಪದೆ ಹಾಕಿಕೊಳ್ಳಬೇಕೆಂಬ ಸೂಚನೆಯೊಂದಿಗೆ ಹೊಸ ಆವೃತ್ತಿ ಬಂತು. ಕೊನೆಯಲ್ಲಿ ‘ಸರಿಪಡಿಸಿದವರು: ಪ್ರೇಮ್, ಧಾರವಾಡ’ ಎಂದಿತ್ತು. ಗ್ರೇಸಿ ಸಿಸ್ಟರ್ ಕನ್ನಡಕ ಒರೆಸಿಕೊಂಡು ಬಂದರು.

“ನನ್ನ ಮಗನ ಹೆಸರ ಎಲ್ಲೈತಿ ತೋರ್ಸವಾ.”

“ಇಲ್ಲಿ ನೋಡ್ರಿ ಅತ್ತಿ.”

ಮುದುಕಿ ಕಂಪ್ಯೂಟರಿನ ಪರದೆಯಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟರು.

ಒಂದು ಉತ್ತರಕ್ಕೆ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಪತ್ರಗಳು ಬರುತ್ತಿದ್ದವು, ನೀಲಿಮಾ ಪ್ರೇಮ್ ಆಗಿ ಉತ್ತರಿಸುತ್ತಿದ್ದಳು, ಪ್ರತಿ ಶನಿವಾರ ಅತ್ತೆಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಡೆನ್ಮಾರ್ಕಿನವನು ಒಮ್ಮೆ ಮನೆಯವರ ಕ್ಷೇಮ ಕೇಳಿದ. ‘ಅವ್ವ ಆರಾಮ. ನನ್ನ ಹೆಂಡತಿಯೂ ಚೆನ್ನಾಗಿದ್ದಾಳೆ’ ಎಂದು ಬರೆದಳು.

ಅದನ್ನು ಕೇಳಿ ನನಗೆ ಹೆದರಿಕೆಯಾಯಿತು. “ಬ್ಯಾಡ ನೀಲಿಮಾ. ಸಾಕಿನ್ನ.”

“ಅವರ ಅಲ್ಲಾದರೂ ಜೀವಂತ ಇರ್ಲಿ ಬಿಡ,” ಎಂದಳು.

೨೦೦೪ರ ನವೆಂಬರಿನಲ್ಲಿ ಡೆನ್ಮಾರ್ಕಿನವನಿಂದ ಬಂದ ಪತ್ರ ಬೇರೆಯಾಗಿತ್ತು. ಪೋಲೆಂಡಿನ ಒಬ್ಬ ವಿದ್ಯಾರ್ಥಿನಿ ಪ್ರೇಮ್‌ನ ಭಾಗವನ್ನು ಪೂರಾ ಹೊಸದಾಗಿ ಬರೆದಿದ್ದಳು. ಬಹಳ ವೇಗವಂತೆ. ‘ಆದರೆ ಅದು ನಿನ್ನದು. ಪರೀಕ್ಷಿಸಿ ಹೇಳು. ನೀನು ಬೇಡ ಎಂದರೆ ಹಳೆಯದೇ ಇರಲಿ.’

ಶನಿವಾರ ಶಾಲೆ ಬಿಟ್ಟ ಮೇಲೆ ಪರೀಕ್ಷೆಗೆ ಕೂತಳು. ಪ್ರೇಮ್ ಸ್ಕ್ಯಾನ್ ಮಾಡಿಟ್ಟಿದ್ದ ಮದುವೆಯ ಫೋಟೋಗಳನ್ನೇ ಒಂದೊಂದಾಗಿ ಬಿಚ್ಚಿಸಿದಳು. ಅವನದು ಒಂಬತ್ತು ಸೆಕೆಂಡು ತೆಗೆದುಕೊಂಡ ಕಡೆ ಹೊಸದಕ್ಕೆ ಮೂರು ಸಾಕಾಯಿತು. ಎಲ್ಲಾದರೂ ಬಣ್ಣ ಕೆಟ್ಟಿದೆಯೇ, ಚುಕ್ಕಿ ತಪ್ಪಿದೆಯೇ ಎಂದು ಹುಡುಕಿದಳು. ಒಂದಾದರೂ ತಪ್ಪು ಸಿಗಲಿ ಎಂದು ಪ್ರಾರ್ಥಿಸಿದೆ ಎಂದು ಆಮೇಲೆ ನನಗೆ ಹೇಳಿದಳು. ಸಿಗಲಿಲ್ಲ.

ಮರುದಿನ ಚರ್ಚಿನಿಂದ ಸೀದಾ ನಮ್ಮ ಮನೆಗೆ ಬಂದಳು.

“ಬ್ಯಾಡ ಅಂತ ಬರದಬಿಡ,” ಎಂದೆ. “ಯಾರ ಕೇಳ್ತಾರ?”

“ಹೆಂಗ ಬರೀಲಿ? ಅವರ ಇದ್ದಿದ್ರ ಆ ಹುಡುಗಿಗಿ ಶಾಭಾಸ್ ಅಂತಿದ್ರು. ಅವರ ಹೆಸರಿನ್ಯಾಗ ನಾ ಅವರು ಆಡದ ಮಾತ ಆಡ್ಲೇನ?”

ಅವತ್ತೇ ಬರೆದಳು. ‘ಇದು ಹಳೆಯದಕ್ಕಿಂತ ಒಳ್ಳೆಯದು, ಸೇರಿಸಿಕೊಳ್ಳಿ.’ ಅದರ ಕೆಳಗೆ, ‘ನಾನು ಪ್ರೇಮ್ ಅಲ್ಲ, ಅವರ ಹೆಂಡತಿ. ಅವರು ತೀರಿಕೊಂಡು ಮೂರು ವರ್ಷ ದಾಟಿತು. ನಿಮಗೆ ಸುಳ್ಳು ಹೇಳಿದೆ, ಕ್ಷಮಿಸಿ.’

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಪ್ರೇಮ್ ಹೆಸರು ಹಳಬರ ಪಟ್ಟಿಯಲ್ಲಿ ಯಾವಾಗಲೂ ಇರುತ್ತದೆ, ನಿಮ್ಮದನ್ನೂ ಸೇರಿಸಲೇ ಎಂದು ಡೆನ್ಮಾರ್ಕಿನವನು ಕೇಳಿದ್ದ. ಅವಳು ಬೇಡವೆಂದಳು. ಡಿಸೆಂಬರಿನಲ್ಲಿ ಹೊಸ ಆವೃತ್ತಿ ಹೊರಬಂತು. ಪ್ರೇಮ್ ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ, ಅವಳ ಆರು ಸಾಲುಗಳೂ ಇರಲಿಲ್ಲ.

ಆ ವಾರದ ಶನಿವಾರ ನಾನು ಅವರ ಮನೆಯಲ್ಲಿದ್ದೆ; ನೀಲಿಮಾ ಅತ್ತೆಗೆ ಇನ್ನೂ ಏನನ್ನೂ ತಿಳಿಸಿರಲಿಲ್ಲ. ಗ್ರೇಸಿ ಸಿಸ್ಟರ್ ಎಂದಿನಂತೆ ಕುರ್ಚಿ ಎಳೆದುಕೊಂಡರು.

“ಈ ವಾರ ಪ್ರೇಮ್‌ಗ ಪತ್ರಾ ಬಂತೇನವಾ?”

“ಇಲ್ಲ ಅತ್ತಿ. ಇನ್ನ ಬರೂದಿಲ್ಲ. ಅವರಿಗೆಲ್ಲಾ ಹೇಳಿಬಿಟ್ಟೆ.”

ಮುದುಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಣ್ಣ ಮಾಡಿದ ದಿನಾ ನಾ ಅಳಲೇ ಇಲ್ಲ ನೋಡ,” ಎಂದರು. “ಎಲ್ಲಾರಿಗೂ ನೀರ ಕೊಡಾಕತ್ತಿದ್ದೆ.”

ನೀಲಿಮಾ ನೆಲದ ಮೇಲೆ ಕೂತು ಅತ್ತೆಯ ಮಡಿಲಲ್ಲಿ ಮುಖವಿಟ್ಟಳು. ಇಬ್ಬರೂ ಅತ್ತರು, ದನಿ ತೆಗೆದು. ನಾನು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಚಹಾ ಇಟ್ಟೆ. ಅದು ಕುದಿದು ಬತ್ತುವವರೆಗೂ ಹೊರಗೆ ಬರಲಿಲ್ಲ.